ಅತಿವೇಗ ಮತ್ತು ಅಜಾಗರೂಕತೆ: ಒಂದು ವಾಕ್ಯದ ವಿಮರ್ಶೆ

ಕಥೆ ಬರೆಯುವವನಿಗೆ ಊರಿನಲ್ಲಿ ಇನ್ನೊಂದು ಕೆಲಸವೂ ಅಂಟಿಕೊಳ್ಳುತ್ತದೆ. ಅದು ಕಾಗದ ಓದಿ ಹೇಳುವ ಕೆಲಸ. ಬ್ಯಾಂಕಿನ ನೋಟಿಸು, ಪಹಣಿ, ಆಸ್ಪತ್ರೆಯ ಚೀಟಿ ಎಲ್ಲವೂ ನನ್ನ ಬಳಿ ಬರುತ್ತವೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದವನಾದ್ದರಿಂದ ಸರ್ಕಾರಿ ಕನ್ನಡವನ್ನು ಮನೆಮಾತಿಗೆ ಇಳಿಸಿ ಹೇಳುವುದು ನನಗೆ ರೂಢಿಯಾಗಿದೆ. ಕೆಲವು ವರ್ಷಗಳ ಹಿಂದೆ ಮದಕರಿಪುರದ ಕಡೆಯಿಂದ ನಮ್ಮ ದೂರದ ಸಂಬಂಧಿ, ವಯಸ್ಸಾದ ಒಬ್ಬ ಹೆಂಗಸು, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಎಫ್‌ಐಆರ್ ಪ್ರತಿಯನ್ನು ತಂದರು. ಹೆದ್ದಾರಿ ದಾಟುತ್ತಿದ್ದ ಮಗ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ನಲವತ್ತನೆಯ ದಿನದ ಫಾತಿಹಾ ಮುಗಿದಿತ್ತು.

ನಾನು ಓದಿದೆ. ಲಾರಿ ಚಾಲಕನು ತನ್ನ ವಾಹನವನ್ನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆಸಿದ ಎಂದಿತ್ತು. ತೇಜ್ ರಫ್ತಾರಿ, ಲಾಪರ್ವಾಹಿ ಎಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇತ್ತಾಚ್ ಲಿಖೆ ಕ್ಯಾ?" ಎಂದು ಕೇಳಿದರು. ಇಷ್ಟೇ ಬರೆದಿದ್ದಾರಾ? ಆ ಜಾಗದಲ್ಲಿ ಒಂದೂ ದೀಪವಿಲ್ಲ. ಬಸ್ಸು ನಿಲ್ಲುವುದು ಆಚೆ ಬದಿಗೆ, ಮನೆಗಳಿರುವುದು ಈಚೆ ಬದಿಗೆ. ಕೆಳಸೇತುವೆಗೆ ಹೋಗಿ ಸುತ್ತಿ ಬರಲು ಅರ್ಧ ಗಂಟೆ ಬೇಕು. ಆದ್ದರಿಂದ ಎಲ್ಲರೂ ವಿಭಜಕದ ಮುರುಕಿನಲ್ಲೇ ದಾಟುತ್ತಾರೆ. ಇದು ಯಾವುದೂ ಕಾಗದದಲ್ಲಿ ಇರಲಿಲ್ಲ.

ಆವತ್ತಿನಿಂದ ಆ ವಾಕ್ಯ ನನ್ನನ್ನು ಬಿಟ್ಟಿಲ್ಲ. ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಪೊಲೀಸ್ ಪ್ರಕಟಣೆಯಲ್ಲಿ, ದೆಹಲಿಯ ವರದಿಯಲ್ಲಿ ಅದೇ ಕಾಣುತ್ತದೆ. ಕಥೆಯೊಂದನ್ನು ವಿಮರ್ಶಿಸುವಂತೆ ಅದನ್ನು ವಿಮರ್ಶಿಸಿದರೆ ಹೇಗೆ? ಅದರಲ್ಲಿ ಒಬ್ಬನೇ ಖಳನಿದ್ದಾನೆ, ಸ್ಥಳವಿಲ್ಲ. ಕತ್ತಲೆಯಿಲ್ಲ, ತಿರುವಿಲ್ಲ, ರಸ್ತೆಯ ಅಂಚಿನಲ್ಲಿ ಬದುಕುವ ಊರಿಲ್ಲ. ಆ ಚಾಲಕ ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದ, ಅವನನ್ನು ಹಾಗೆ ಓಡಿಸಿದವರು ಯಾರು ಎಂಬುದಿಲ್ಲ. ಹೊಸದಾಗಿ ಬರೆಯುವ ಹುಡುಗನೊಬ್ಬ ಇಂಥ ಕಥೆ ತಂದರೆ, ಇನ್ನೊಮ್ಮೆ ಆ ಜಾಗಕ್ಕೆ ಹೋಗಿ ನೋಡಿ ಬಾ ಎನ್ನುತ್ತೇವೆ.

ಆದರೆ ನ್ಯಾಯವಾಗಿ ಹೇಳಬೇಕು. ಆ ವಾಕ್ಯ ಪೊಲೀಸರ ಸೋಮಾರಿತನದಿಂದಲೇ ಹುಟ್ಟಿದ್ದಲ್ಲ. ಅದು ಕಾನೂನಿನ ಭಾಷೆ. 1860ರ ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಮುಗಳು ಕೇಳುತ್ತಿದ್ದುದು ಅದನ್ನೇ. 2024ರ ಜುಲೈ 1ರಿಂದ ಅವುಗಳ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106 ಕೇಳುವುದೂ ಅದನ್ನೇ. ಪರಿಹಾರದ ನ್ಯಾಯಮಂಡಳಿಯಲ್ಲಿ ಪೂರ್ಣ ಪರಿಹಾರ ಬೇಕಾದರೆ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಆ ವಾಕ್ಯದಿಂದ ನಾಲ್ಕು ಕಾಸು ಸಿಗುತ್ತದೆ. ನ್ಯಾಯಾಲಯದಲ್ಲಿ ಅದಕ್ಕೆ ಕೆಲಸವಿದೆ.

ತೊಂದರೆ ಶುರುವಾಗುವುದು ಅದು ಠಾಣೆಯಿಂದ ಹೊರಟು ಅಂಕಿಯಾಗಿ ದೆಹಲಿ ಸೇರಿದಾಗ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ರಾಜ್ಯಗಳ ಪೊಲೀಸರು ಕಳಿಸುವ ಮಾಹಿತಿಯಿಂದ ಸಿದ್ಧವಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇಕಡಾ 71.2ರಷ್ಟು ಸಾವಿಗೆ ಅತಿವೇಗ ಕಾರಣ ಎನ್ನುತ್ತದೆ ವರದಿ. ಓದಿದ ಕೂಡಲೇ ವಿಜ್ಞಾನದಂತೆ ಕೇಳಿಸುತ್ತದೆ. ಆದರೆ ನಡುರಾತ್ರಿಯ ಹೆದ್ದಾರಿಯಲ್ಲಿ ಆ ವೇಗವನ್ನು ಅಳೆದವರು ಯಾರು? ಎಫ್‌ಐಆರ್ ಬರೆಯುವ ರೂಢಿಯೇ ಶೇಕಡಾವಾರು ಲೆಕ್ಕವಾಗಿ ನಮ್ಮೆದುರು ನಿಂತಿದೆ ಎಂಬ ಅನುಮಾನಕ್ಕೆ ಸಾಕಷ್ಟು ಕಾರಣಗಳಿವೆ. ದೆಹಲಿ ಐಐಟಿಯ ದಿನೇಶ್ ಮೋಹನ್ ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಹೇಳುತ್ತ ಬಂದರು. ತಪ್ಪೆಲ್ಲ ಮನುಷ್ಯನದು ಎಂದು ಬರೆದುಬಿಟ್ಟರೆ ರಸ್ತೆ ಕಟ್ಟಿದವರು ಏನನ್ನೂ ಕಲಿಯಬೇಕಾಗಿಲ್ಲ ಎಂಬುದು ಅವರ ವಾದದ ತಿರುಳು.

ಹಾಗಾದರೆ ವೇಗ ಕೊಲ್ಲುವುದಿಲ್ಲವೇ? ಖಂಡಿತ ಕೊಲ್ಲುತ್ತದೆ. ವಾಹನಗಳ ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವು ತರುವ ಡಿಕ್ಕಿಗಳು ಸುಮಾರು ಶೇಕಡಾ 4ರಷ್ಟು ಏರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಲೆಕ್ಕ. ಇದು ನಿಜವಾದ ಪುರಾವೆ. ಈಗ ನಮ್ಮ ನೀತಿಯನ್ನು ನೋಡಿ. ಅತಿವೇಗವೇ ಮುಖ್ಯ ಕಾರಣ ಎಂದು ವರ್ಷವರ್ಷವೂ ಬರೆಯುವ ಅದೇ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಕಾರುಗಳ ಗರಿಷ್ಠ ವೇಗಮಿತಿಯನ್ನು ನಾಲ್ಕು ಪಥದ ಹೆದ್ದಾರಿಗಳಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಎಕ್ಸ್‌ಪ್ರೆಸ್‌ವೇಗಳಲ್ಲಿ 120ಕ್ಕೂ ಏರಿಸಿತು. ತನ್ನ ಅಂಕಿಯನ್ನು ತಾನೇ ನಂಬಿದ್ದರೆ ಹೀಗೆ ಮಾಡುತ್ತಿತ್ತೇ? ಆ ಶೇಕಡಾ 71 ನೀತಿ ರೂಪಿಸಲು ಬಳಕೆಯಾಗುತ್ತಿಲ್ಲ, ಚಾಲಕನತ್ತ ಬೆರಳು ತೋರಿಸಲು ಬಳಕೆಯಾಗುತ್ತಿದೆ. 2010ರ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿಯ ಪಟ್ಟಿಯಲ್ಲೂ ಮೊದಲು ಬರುವುದು ಜನಜಾಗೃತಿ. ಮಾಹಿತಿ ಸಂಗ್ರಹ ಎರಡನೆಯದು, ಸುರಕ್ಷಿತ ರಸ್ತೆ ಮೂರನೆಯದು. ರಸ್ತೆ ಬದಿಯ ಫಲಕಗಳು ಅವಸರವೇ ಅಪಘಾತಕ್ಕೆ ಕಾರಣ ಎಂದು ಉಪದೇಶಿಸುತ್ತವೆ. ಅವಸರವೇ ಪಡದೆ ನಡೆದು ಹೋಗುತ್ತಿದ್ದವರ ಕಥೆ ಏನು? 2022ರಲ್ಲಿ ಸತ್ತವರಲ್ಲಿ ಸುಮಾರು ಐದರಲ್ಲಿ ಒಬ್ಬರು ಪಾದಚಾರಿಗಳು.

ಪದಗಳಲ್ಲೇ ಒಂದು ತೊಡಕಿದೆ. ನಾವು ಅಪಘಾತವನ್ನು ಆಕಸ್ಮಿಕ ಎನ್ನುತ್ತೇವೆ, ಉರ್ದುವಿನಲ್ಲಿ ಹಾದಸಾ ಎನ್ನುತ್ತೇವೆ. ಎರಡರಲ್ಲೂ ತಡೆಯಲಾಗದ್ದು ಎಂಬ ಧ್ವನಿ ಸೇರಿಕೊಂಡಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆ 2001ರಲ್ಲೇ ತನ್ನ ಪುಟಗಳಲ್ಲಿ ಆಕ್ಸಿಡೆಂಟ್ ಎಂಬ ಪದ ಬೇಡ ಎಂದು ತೀರ್ಮಾನಿಸಿತು. ಮುಂಚೆಯೇ ಊಹಿಸಿ ತಡೆಯಬಹುದಾದದ್ದನ್ನು ಆಕಸ್ಮಿಕ ಎನ್ನಬಾರದು ಎಂಬುದು ಅದರ ನಿಲುವು. ನಮ್ಮಲ್ಲಿ ಹಿರಿಯರು ತಖ್ದೀರ್ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ. ಪೊಲೀಸರು ಚಾಲಕ ಎನ್ನುತ್ತಾರೆ. ಎರಡೂ ಮಾತಿನಲ್ಲಿ ರಸ್ತೆ ನಿರಪರಾಧಿಯಾಗಿ ಪಾರಾಗುತ್ತದೆ.

ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಕಳೆದ ಶತಮಾನದಲ್ಲಿ ಒಂದು ಸರಳ ಕೋಷ್ಟಕ ಮಾಡಿಕೊಟ್ಟಿದ್ದರು. ಡಿಕ್ಕಿಗೆ ಮೊದಲು, ಡಿಕ್ಕಿಯ ಹೊತ್ತಿನಲ್ಲಿ, ಡಿಕ್ಕಿಯ ನಂತರ. ಈ ಮೂರೂ ಘಟ್ಟದಲ್ಲಿ ಮನುಷ್ಯ, ವಾಹನ, ಪರಿಸರ ಏನು ಮಾಡಿದವು ಎಂದು ಕೇಳಬೇಕು. ನಮ್ಮ ಜಿಲ್ಲೆಯದೇ ಘಟನೆಯನ್ನು ಅದರಲ್ಲಿಟ್ಟು ನೋಡೋಣ. 2025ರ ಡಿಸೆಂಬರ್ 25ರ ನಸುಕಿನಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಸ್ಲೀಪರ್ ಬಸ್ಸಿಗೆ ಬಡಿಯಿತು. ಬಸ್ಸು ಹೊತ್ತಿ ಉರಿದು ಜನ ಸತ್ತರು. ಚಾಲಕ ಹೇಗೆ ಹತೋಟಿ ಕಳೆದುಕೊಂಡ ಎಂಬುದು ಒಂಬತ್ತು ಪ್ರಶ್ನೆಗಳಲ್ಲಿ ಒಂದು ಮಾತ್ರ. ಲಾರಿಯನ್ನು ತಡೆಯಲಾಗದ ವಿಭಜಕವನ್ನು ಏಕೆ ಕಟ್ಟಿದ್ದೇವೆ? ಬಸ್ಸಿನಿಂದ ಎಷ್ಟು ಬಾಗಿಲುಗಳ ಮೂಲಕ ಹೊರಬರಬಹುದಿತ್ತು? ಬೆಂಕಿ ಇಷ್ಟು ಬೇಗ ಹೇಗೆ ಹಬ್ಬಿತು? ಉಳಿದ ಪ್ರಶ್ನೆಗಳಿಗೆ ಉತ್ತರ ಬರೆದಿಡದಿದ್ದರೆ ಮುಂದಿನ ಬಸ್ಸಿಗೆ ಯಾವ ಪಾಠವೂ ಉಳಿಯುವುದಿಲ್ಲ.

ಇದು ಅಸಾಧ್ಯವಾದ ಕೆಲಸವೇನಲ್ಲ. ಇದೇ ಹೆದ್ದಾರಿಯಲ್ಲಿ ಪುಣೆಯವರೆಗೆ ಹೋಗಿ ಮುಂದೆ ಹಿಡಿಯುವ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2016ರಿಂದ ಸೇವ್‌ಲೈಫ್ ಫೌಂಡೇಶನ್ ಮತ್ತು ಮಹಾರಾಷ್ಟ್ರ ಸರ್ಕಾರ ಸೇರಿ ಡಿಕ್ಕಿಗಳನ್ನು ಸ್ಥಳದಲ್ಲೇ ಪರಿಶೀಲಿಸಿ, ಕಂಡ ದೋಷಗಳನ್ನು ಸರಿಪಡಿಸುತ್ತ ಬಂದವು. ಕೆಲವೇ ವರ್ಷಗಳಲ್ಲಿ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಅದೇ ದೇಶ, ಅದೇ ಚಾಲಕರು. ಬದಲಾದದ್ದು ಕಾರಣವನ್ನು ಹುಡುಕುವ ರೀತಿ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ ಇರಬೇಕು ಎಂಬುದನ್ನು ಸ್ವೀಡನ್ನಿನ ಸಂಸತ್ತು 1997ರಲ್ಲೇ ನೀತಿಯಾಗಿ ಒಪ್ಪಿಕೊಂಡಿತ್ತು.

ನಮ್ಮಲ್ಲೂ ಸಾಧನಗಳು ಇಲ್ಲವೆಂದಲ್ಲ. 2021ರಿಂದ ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ ತುಂಬುವ ಐರಾಡ್ ವ್ಯವಸ್ಥೆ ಬಂದಿದೆ. ಅದನ್ನು ಮೊದಲು ಆರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಆದರೆ ಮೊದಲ ಕಾಗದದಲ್ಲಿ ರಸ್ತೆಯ ಹೆಸರೇ ಬಾರದಿದ್ದರೆ ಆ ಕಲಮನ್ನು ಯಾರ ಮೇಲೆ ಹಾಕುವುದು?

ನಾನು ಆ ಹೆಂಗಸಿಗೆ ಒಂದು ಅರ್ಜಿ ಬರೆದುಕೊಟ್ಟಿದ್ದೆ. ಅದಕ್ಕಾಗಿ ಸಂಜೆ ಹೊತ್ತು ಆ ಜಾಗಕ್ಕೆ ಹೋಗಿ ಕೆಳಸೇತುವೆಯವರೆಗೆ ಹೆಜ್ಜೆ ಎಣಿಸಿದೆ, ಕಂಬಗಳನ್ನು ಎಣಿಸಿದೆ, ಮಗ್ರಿಬ್‌ ನಂತರ ಒಂದು ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆಂದು ಬರೆದುಕೊಂಡೆ. ಕೆಲವು ತಿಂಗಳ ನಂತರ ಉತ್ತರ ಬಂತು: ಆ ಸ್ಥಳ ಕಪ್ಪುಚುಕ್ಕೆಯ ವ್ಯಾಖ್ಯೆಗೆ ಒಳಪಡುವುದಿಲ್ಲ. ಸಚಿವಾಲಯದ ವ್ಯಾಖ್ಯೆಯ ಪ್ರಕಾರ ಸುಮಾರು 500 ಮೀಟರ್ ಹೆದ್ದಾರಿಯಲ್ಲಿ 3 ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಸಾವು ಆಗಿರಬೇಕು. ಇದನ್ನು ಮನೆಮಾತಿಗೆ ಇಳಿಸಿ ಹೇಳುವುದು ನನಗೆ ಎಫ್‌ಐಆರ್ ಓದಿದ್ದಕ್ಕಿಂತ ಕಷ್ಟವಾಯಿತು. ಆಕೆ ಕೇಳಿಸಿಕೊಂಡು, "ಹಾಗಾದರೆ ಇನ್ನೂ ಎಷ್ಟು ಜನ ಬೇಕಂತೆ?" ಎಂದರು.

ಹೆಣಗಳನ್ನು ಎಣಿಸುವುದೂ ಒಂದು ಪುರಾವೆಯೇ. ಆದರೆ ಅದು ತಡವಾಗಿ ಬರುವ ಪುರಾವೆ. ದೀಪವಿಲ್ಲದ ಕಂಬ, ಮುರಿದ ವಿಭಜಕ, ದಾಟುವ ಜನ, ಇವು ಸಾವಿಗೆ ಮೊದಲೇ ಸಿಗುವ ಪುರಾವೆಗಳು. ದಾರಿಯಲ್ಲಿ ಬಿದ್ದ ಮುಳ್ಳನ್ನು ಎತ್ತಿ ಬದಿಗಿಡುವುದನ್ನೂ ಸದಕಾ ಎಂದು ಎಣಿಸಿದ ಪರಂಪರೆ ನಮ್ಮದು. ಮುಳ್ಳು ಹತ್ತು ಜನರಿಗೆ ಚುಚ್ಚುವವರೆಗೆ ಕಾಯಬೇಕೆಂದು ಅಲ್ಲಿ ಯಾರೂ ಹೇಳಿಲ್ಲ. ಠಾಣೆಯ ಬರಹಗಾರರು ಆ ಹಳೆಯ ವಾಕ್ಯದ ಕೆಳಗೆ ಜಾಗದ ಬಗ್ಗೆ ಇನ್ನೆರಡು ಸಾಲು ಸೇರಿಸಲಿ, ದೆಹಲಿಯವರು ಆ ಎರಡು ಸಾಲನ್ನೂ ಎಣಿಸಲಿ. ಆ ತಾಯಿ ಅವತ್ತು ಕೇಳಿದ್ದು ಇಷ್ಟನ್ನೇ.