ಕೊಯ್ದ ಮೂಗು ಯಾರದು?

"ಮನಸ್ಸು ಬಂಗಾರ, ಕೋಪ ಮಾತ್ರ ಸ್ವಲ್ಪ ಜಾಸ್ತಿ." ಈ ಮಾತು ಕೇಳದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು. ಗಂಡನ ಬಗ್ಗೆಯೋ ಮಾವನ ಬಗ್ಗೆಯೋ ಯಾರಾದರೂ ಹೇಳಿಯೇ ಇರುತ್ತಾರೆ. ಫುಟ್‌ಬಾಲ್ ಹುಚ್ಚಿನ ನನ್ನ ತಂಗಿಯ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಪೆಪೆಗೆ ಕೋಪವೇ ಶಕ್ತಿ, ದೊಡ್ಡಮ್ಮ" ಎಂದ. ಹಾಗಾದರೆ ನೋಡೇಬಿಡೋಣ ಎಂದು ಅವನ ಜೊತೆ ಕೂತು ಹಳೆಯ ಪಂದ್ಯಗಳನ್ನು ನೋಡಿದೆ.

ಪೆಪೆ 1983ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದವನು. ನಿಜವಾದ ಹೆಸರು ಕೆಪ್ಲರ್ ಲಾವೆರಾನ್. ಗ್ರಹಗಳ ಚಲನೆಯ ನಿಯಮ ಹೇಳಿದ ಕೆಪ್ಲರ್, ಮಲೇರಿಯಾದ ರೋಗಾಣು ಕಂಡುಹಿಡಿದ ಲಾವೆರಾನ್, ಈ ಇಬ್ಬರು ವಿಜ್ಞಾನಿಗಳ ಹೆಸರು ಹೊತ್ತ ಹುಡುಗ! ಪೋರ್ಚುಗಲ್‌ಗೆ ಹೋಗಿ ಅಲ್ಲಿಯ ಪ್ರಜೆಯಾದ. 2007ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬು ಸುಮಾರು 3 ಕೋಟಿ ಯೂರೊ ಕೊಟ್ಟು ಅವನನ್ನು ಕರೆಸಿಕೊಂಡಿತು. ಅವನು ಡಿಫೆಂಡರ್, ಅಂದರೆ ಎದುರಾಳಿಯನ್ನು ಗೋಲಿನ ಹತ್ತಿರ ಬಿಡದೆ ತಡೆಯುವವನು. ಅವನ ಓಟ, ನೆಗೆತ, ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿಯುವ ಜಾಣತನ ನನ್ನಂಥವಳಿಗೂ ಕಾಣುತ್ತದೆ.

ಕೋಪವೂ ಕಾಣುತ್ತದೆ. 2009ರ ಏಪ್ರಿಲ್‌ನಲ್ಲಿ ಹೆತಾಫೆ ತಂಡದ ಕಾಸ್ಕೆರೊ ಎಂಬುವನನ್ನು ಬೀಳಿಸಿದ. ರೆಫರಿ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಆಮೇಲೆ ಪೆಪೆ, ನೆಲಕ್ಕೆ ಬಿದ್ದವನನ್ನು ಕಾಲಿನಿಂದ ಒದ್ದ. ಒಮ್ಮೆಯಲ್ಲ, ಮತ್ತೆ ಮತ್ತೆ. ಶಿಕ್ಷೆ 10 ಪಂದ್ಯಗಳ ನಿಷೇಧ. ಕ್ಷಮೆಯನ್ನೇನೋ ಕೇಳಿದ. ಆದರೆ ಮೇ 2ರಂದು ಬಾರ್ಸಿಲೋನಾ ತಂಡ ಮ್ಯಾಡ್ರಿಡ್‌ನವರನ್ನು ಅವರ ಅಂಗಳದಲ್ಲೇ 6-2ರಿಂದ ಸೋಲಿಸಿದಾಗ, ತಡೆಯಬೇಕಾದವನು ಮೈದಾನದ ಹೊರಗಿದ್ದ.

2014ರ ವಿಶ್ವಕಪ್‌ನಲ್ಲಿ ಮತ್ತೆ ಅದೇ. ಕೆಳಗೆ ಕೂತಿದ್ದ ಜರ್ಮನಿಯ ಮ್ಯೂಲರ್‌ನ ತಲೆಗೆ ಬಗ್ಗಿ ತಲೆ ತಾಗಿಸಿ ಕೆಂಪು ಕಾರ್ಡು ಪಡೆದ. 2-0 ಇದ್ದ ಸೋಲು, ಹತ್ತೇ ಜನ ಉಳಿದ ಪೋರ್ಚುಗಲ್‌ಗೆ 4-0 ಆಯಿತು. ಆ ಗುಂಪಿನಲ್ಲಿ ಅಮೆರಿಕದಷ್ಟೇ ಅಂಕ ಗಳಿಸಿಯೂ ಪೋರ್ಚುಗಲ್ ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಮನೆಗೆ ಮರಳಿತು. ಇದಕ್ಕೆಲ್ಲ ಪೆಪೆಯೊಬ್ಬನೇ ಕಾರಣ ಎಂದರೆ ಅನ್ಯಾಯವಾದೀತು. ಭಾರವಂತೂ ಹೆಚ್ಚಿಸಿದ.

ನಾನು ಗಮನಿಸಿದ್ದು ಇಷ್ಟು. ಎರಡು ಸಲವೂ ಕೋಪ ಬಂದದ್ದು ಚೆಂಡಿನ ಕೆಲಸ ಮುಗಿದ ಮೇಲೆ. 2022ರಲ್ಲಿ ಪೋರ್ಟೊ ತಂಡದಲ್ಲಿದ್ದಾಗ ಕೆಂಪು ಕಾರ್ಡು ಸಿಕ್ಕಿದ್ದೂ ಪಂದ್ಯ ಮುಗಿದ ನಂತರದ ಗಲಾಟೆಗೆ. ಕೋಪವೇ ಶಕ್ತಿಯಾಗಿದ್ದರೆ ಅದು ಚೆಂಡು ತಡೆಯುವಾಗ ಒದಗಬೇಡವೇ?

ಅವನ ಶ್ರೇಷ್ಠ ಆಟ ನೋಡಬೇಕೆಂದರೆ 2016ರ ಯೂರೊ ಫೈನಲ್ ನೋಡಿ. ಪ್ಯಾರಿಸ್ ಬಳಿ ಫ್ರಾನ್ಸ್ ಎದುರು ಆಟ. ನಾಯಕ ರೊನಾಲ್ಡೊ ಗಾಯಗೊಂಡು ಬೇಗ ಹೊರನಡೆದ. ಪೆಪೆ 120 ನಿಮಿಷ ಗೋಡೆಯಂತೆ ನಿಂತ. ಪೋರ್ಚುಗಲ್ ಒಂದು ಗೋಲಿನಿಂದ ಗೆದ್ದಿತು, ಪಂದ್ಯದ ಶ್ರೇಷ್ಠ ಆಟಗಾರನ ಗೌರವ ಅವನಿಗೆ ಬಂತು. ಅಂದು ಅವನಲ್ಲಿ ಕಂಡದ್ದು ಸಹನೆ. 41ರ ವಯಸ್ಸಿನಲ್ಲಿ 2024ರ ಯೂರೊ ಆಡಿ, ಆ ಪಂದ್ಯಾವಳಿಯ ಇತಿಹಾಸದಲ್ಲೇ ಅತಿ ಹಿರಿಯ ಆಟಗಾರನೆನಿಸಿ, ಅದೇ ವರ್ಷ ನಿವೃತ್ತನಾದ. ಅಷ್ಟು ವರ್ಷ ದೇಹ ಕಾಪಾಡಿಕೊಂಡದ್ದು ಶಿಸ್ತು. ಅದನ್ನು ಕೋಪದ ಖಾತೆಗೆ ಬರೆಯುವುದು ಅವನಿಗೇ ಮಾಡುವ ಅವಮಾನ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೆ ಎನ್ನುತ್ತಾರೆ ಹಿರಿಯರು. ಆದರೆ ಕೋಪಿಷ್ಠ ಕೊಯ್ಯುವುದು ತನ್ನ ಮೂಗನ್ನಷ್ಟೇ ಅಲ್ಲ. ತಟ್ಟೆ ಎಸೆದವನು ಎದ್ದು ಹೋಗುತ್ತಾನೆ, ನೆಲ ಒರೆಸುವವಳು ಬೇರೆ. "ಮನಸ್ಸು ಬಂಗಾರ" ಎಂದು ಅವಳ ಬಾಯಲ್ಲೇ ಹೇಳಿಸುತ್ತೇವೆ.

"ಆ 10 ಪಂದ್ಯ ಅವನ ಜಾಗದಲ್ಲಿ ನಿಂತವರು ಯಾರಪ್ಪಾ?" ಎಂದು ಹುಡುಗನನ್ನು ಕೇಳಿದೆ. ಎಲ್ಲರ ಜಾತಕ ಬಲ್ಲವನು ತಲೆ ಕೆರೆದುಕೊಂಡ.