ಭೋರ್ ವರದಿ ಮತ್ತು ಜನರ ಜೀವನಕ್ರಮ : ಒಂದು ವಿಮರ್ಶೆ

ಭಾರತದ ಆರೋಗ್ಯವ್ಯವಸ್ಥೆಯ ಇತಿಹಾಸವನ್ನು ಅಭ್ಯಸಿಸುವವರು ಮೊದಲು ಎತ್ತಿಕೊಳ್ಳಬೇಕಾದ ಗ್ರಂಥವೆಂದರೆ ಆರೋಗ್ಯ ಪರಿಶೀಲನೆ ಮತ್ತು ಅಭಿವೃದ್ಧಿ ಸಮಿತಿಯ ವರದಿ. 1943ರ ಅಕ್ಟೋಬರಿನಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಈ ಸಮಿತಿಯು 1946ರಲ್ಲಿ ನಾಲ್ಕು ಸಂಪುಟಗಳ ವರದಿಯನ್ನು ಸಲ್ಲಿಸಿತು. ಸಮಿತಿಯ ಪರಿಶೀಲನೆ ಬ್ರಿಟಿಷ್ ಇಂಡಿಯಾವನ್ನು ಕುರಿತದ್ದಾದುದರಿಂದ ಮೈಸೂರು ಸಂಸ್ಥಾನವು ಅದರ ಹೊರಗುಳಿಯಿತು; ಅಂದು ಮುಂಬಯಿ, ಮದರಾಸು ಪ್ರಾಂತಗಳಿಗೆ ಸೇರಿದ್ದ ಧಾರವಾಡ, ಬಿಜಾಪುರ, ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಒಳಗೆ ಬಂದವು. ಸಾಮಾನ್ಯವಾಗಿ ಈ ವರದಿಯ ಹೆಸರು ಪ್ರಾಥಮಿಕ ಆರೋಗ್ಯಕೇಂದ್ರಗಳ ಪ್ರಸ್ತಾಪದೊಡನೆ ಮಾತ್ರ ಕೇಳಿಬರುತ್ತದೆ. ಜನರ ಜೀವನಕ್ರಮವನ್ನು ಕುರಿತು ಅದು ಏನನ್ನು ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವರದಿಯ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಹಣ ತೆರಲಾರದ ಕಾರಣಕ್ಕಾಗಿ ಯಾವನೂ ವೈದ್ಯಸಹಾಯದಿಂದ ವಂಚಿತನಾಗಬಾರದೆಂಬುದು ಅದರ ಮೂಲತತ್ತ್ವ. 1937ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 58, ಬ್ರಿಟಿಷ್ ಇಂಡಿಯಾದಲ್ಲಿ 162 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವೆಂಬುದನ್ನು ಅದು ಮರೆಮಾಚದೆ ಮುಂದಿಟ್ಟಿತು. ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ ಎಂಬ ಲೆಕ್ಕವನ್ನೂ ಕೊಟ್ಟಿತು. ರೋಗ ಬಂದಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಬಾರದಂತೆ ತಡೆಯುವುದು ಮೇಲೆಂದು ಸಾರಿ, ಪೋಷಣೆ, ಆರೋಗ್ಯಶಿಕ್ಷಣ, ಅಂಗಸಾಧನೆಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿರಿಸಿತು. ಅಧಿಕಾರಿಗಳ ವರದಿಗಳಲ್ಲಿ ಇಂಥ ದೃಷ್ಟಿವೈಶಾಲ್ಯ ಅಪರೂಪವೆಂದೇ ಹೇಳಬೇಕು.

ಆದರೆ ಅನಾರೋಗ್ಯದ ಕಾರಣಗಳನ್ನು ಎಣಿಸುವಲ್ಲಿ ವರದಿಯ ತರ್ಕ ಸಡಿಲವಾಗುತ್ತದೆ. ನೈರ್ಮಲ್ಯದ ಕೊರತೆ, ಪೋಷಣೆಯ ಕೊರತೆ, ವೈದ್ಯಕೀಯ ಏರ್ಪಾಡಿನ ಕೊರತೆ, ವಿದ್ಯೆ ಹಾಗೂ ಆರೋಗ್ಯಜ್ಞಾನದ ಕೊರತೆ ಎಂಬ ನಾಲ್ಕನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಬಡತನ, ನಿರುದ್ಯೋಗಗಳ ಪ್ರಸ್ತಾಪವೇನೋ ಇದೆ. ಆದರೆ ಈ ಕಾರಣಗಳಲ್ಲಿ ಯಾವುದು ಮೊದಲು, ಯಾವುದು ಯಾವುದರಿಂದ ಹುಟ್ಟಿತು ಎಂಬ ಪ್ರಶ್ನೆಗೆ ಖಚಿತವಾದ ಉತ್ತರವಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಇದೇ. ಸಮಿತಿ ನೇಮಕಗೊಂಡ ವರ್ಷವೇ ವಂಗದೇಶದಲ್ಲಿ ಲಕ್ಷಾಂತರ ಜನರು ಕ್ಷಾಮಕ್ಕೆ ಬಲಿಯಾದರು. ಅವರಿಗೆ ಇಲ್ಲದೆ ಹೋದುದು ಅನ್ನವೇ ಹೊರತು ಆಹಾರವನ್ನು ಕುರಿತ ಜ್ಞಾನವಲ್ಲ. ಬಹುದೂರದಿಂದ ಒಂದೆರಡು ಕೊಡ ನೀರು ಹೊತ್ತು ತರುವ ಮನೆಗೆ ಕೈತೊಳೆಯುವ ಬೋಧೆ ತಪ್ಪಲ್ಲ. ಆದರೆ ಬಾವಿಯನ್ನು ತೋಡಿಸದೆ ಬೋಧೆಯನ್ನಷ್ಟೇ ಮಾಡಿದರೆ, ನೀರಿನ ಅಭಾವವು ಮನೆಯವರ ಅವಿವೇಕವಾಗಿ ತೋರತೊಡಗುತ್ತದೆ.

ಗ್ರಾಮದ ಆರೋಗ್ಯಸಮಿತಿಗಳ ವಿಷಯದಲ್ಲಿಯೂ ಇದೇ ದೋಷ ಕಾಣಬರುತ್ತದೆ. ಪ್ರತಿ ಗ್ರಾಮದಲ್ಲಿ ಐದರಿಂದ ಏಳು ಮಂದಿ ಸ್ವಯಂಸೇವಕರ ಸಮಿತಿಯಿರಬೇಕೆಂಬ ಸಲಹೆ ಅರ್ಥಪೂರ್ಣವಾದುದು. ಆದರೆ ಗ್ರಾಮಸ್ಥರು ಇಲ್ಲಿ ಸಹಕರಿಸುವವರು, ಕಲಿಯುವವರು, ನಿರ್ಣಯಿಸುವವರಲ್ಲ. ಗುರು ಶಿಷ್ಯನೊಡನೆ ಮಾತನಾಡುವ ಧಾಟಿಯಲ್ಲಿಯೇ ವರದಿ ಜನರೊಡನೆ ಮಾತನಾಡುತ್ತದೆ.

ಈ ಸಡಿಲಿಕೆಯ ಫಲ ಮುಂದೆ ವ್ಯಕ್ತವಾಯಿತು. ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಗಳ ಒಂದು ಆಸ್ಪತ್ರೆ ವರದಿಯ ದೀರ್ಘಕಾಲದ ಯೋಜನೆ. ನಲವತ್ತು ಸಾವಿರ ಜನರಿಗೆ ಒಂದು ಕೇಂದ್ರ ಅಲ್ಪಕಾಲದ ಯೋಜನೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಡನೆ ಕೇಂದ್ರಗಳು ಆರಂಭವಾದಾಗ ಇಡೀ ಬ್ಲಾಕಿಗೆ ಒಂದೇ ಕೇಂದ್ರ ದೊರೆಯಿತು. 1961ರಲ್ಲಿ ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಸಮಿತಿಯು ಹೊಸ ಕೇಂದ್ರಗಳನ್ನು ತೆರೆಯುವ ಮೊದಲು ಇರುವವನ್ನು ಬಲಪಡಿಸಬೇಕೆಂದು ಹೇಳಬೇಕಾಯಿತು. ನಾಲ್ಕು ಕಾರಣಗಳೂ ಸಮಾನವೆಂದಮೇಲೆ, ಕಡಮೆ ವೆಚ್ಚದ್ದನ್ನು ಮೊದಲು ಕೈಗೊಂಡು ಹೆಚ್ಚು ವೆಚ್ಚದ್ದನ್ನು ಮುಂದೂಡುವುದು ಯಾವ ಸರ್ಕಾರಕ್ಕೂ ಸುಲಭ. ಆಸ್ಪತ್ರೆಗೆ ಕಟ್ಟಡ ಬೇಕು, ವೈದ್ಯರು ಬೇಕು. ಉಪದೇಶಕ್ಕೆ ಭಿತ್ತಿಪತ್ರವೊಂದು ಸಾಕು.

ಇದು ಮುಗಿದುಹೋದ ಕಥೆಯಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಆರೋಗ್ಯವರ್ಧನೆಗಾಗಿ ಏಳು ಕ್ಷೇತ್ರಗಳನ್ನು ಹೆಸರಿಸಿದೆ. ಸಮತೋಲ ಆಹಾರ ಮತ್ತು ವ್ಯಾಯಾಮ, ತಂಬಾಕು ಮದ್ಯಗಳ ನಿಯಂತ್ರಣ ಅದರಲ್ಲಿವೆ. ದುಡಿಮೆಯ ಸ್ಥಳದ ಸುರಕ್ಷತೆ, ವಾಯುಮಾಲಿನ್ಯದ ನಿವಾರಣೆಗಳೂ ಇವೆ. ಪಟ್ಟಿ ಶ್ಲಾಘ್ಯವಾದುದೇ. ಆದರೆ ವ್ಯಕ್ತಿಯು ತಾನೇ ಮಾಡಬಹುದಾದ ಕಾರ್ಯವೂ, ಸರ್ಕಾರವಲ್ಲದೆ ಅನ್ಯರಿಂದ ಸಾಧ್ಯವಾಗದ ಕಾರ್ಯವೂ ಇಲ್ಲಿ ಮತ್ತೆ ಒಂದೇ ಸಾಲಿನಲ್ಲಿ ನಿಂತಿವೆ. ಹೊಗೆಯಾಡುವ ಬೀದಿಯಲ್ಲಿ ದಿನವಿಡೀ ದುಡಿಯುವವನಿಗೆ ಮುಂಜಾನೆಯ ವಾಯುಸೇವನೆಯನ್ನು ವಿಧಿಸುವ ಅಪಾಯ ಇಲ್ಲಿ ತಪ್ಪಿಲ್ಲ.

ಆಹಾರವಿಹಾರಗಳಲ್ಲಿ ಮಿತಿಯಿರಬೇಕೆಂಬ ಮಾತನ್ನು ಅಲ್ಲಗಳೆಯುವ ಉದ್ದೇಶ ಈ ವಿಮರ್ಶೆಗಿಲ್ಲ. ಮಧುಮೇಹ, ರಕ್ತದ ಒತ್ತಡಗಳು ಹಬ್ಬಿರುವ ಈ ಕಾಲದಲ್ಲಿ ಆ ಮಾತು ಅವಶ್ಯಕವೇ. ಆದರೆ ಅಭ್ಯಾಸಗಳಿಗೂ ಒಂದು ಇತಿಹಾಸವಿದೆ. ಕೂಲಿಯ ದರ, ಧಾನ್ಯದ ಬೆಲೆ, ನೀರಿನ ದೂರ ಅದನ್ನು ರೂಪಿಸುತ್ತವೆ. ಭೋರ್ ವರದಿಯ ಪುಟಗಳಲ್ಲಿ ಈ ಇತಿಹಾಸಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ. ಅದನ್ನು ಕ್ರಮಪಡಿಸುವ ಕೆಲಸ ಮಾತ್ರ ಉಳಿದಿದೆ. ನಮ್ಮ ವಿದ್ಯಾರ್ಥಿಗಳು ವರದಿಯ ಸಂಖ್ಯೆಗಳನ್ನು ಕಂಠಪಾಠ ಮಾಡುವುದರ ಬದಲು, ಅದರ ಒಂದೊಂದು ಸಲಹೆಯನ್ನೂ ತೆಗೆದುಕೊಂಡು, ಇದನ್ನು ನೆರವೇರಿಸುವ ಹೊಣೆ ಯಾರದು, ವೆಚ್ಚ ಯಾರದು ಎಂದು ಕೇಳುವುದನ್ನು ಕಲಿತರೆ ಈ ಗ್ರಂಥದ ಅಧ್ಯಯನ ಸಾರ್ಥಕವಾದೀತು.