ಹಿಮ್ಮಡಿ ಯಂತ್ರಕ್ಕೆ ಹಾರ, ವಾರದ ಮಾತ್ರೆಗೆ ಬಹಿಷ್ಕಾರ

ಜಯನಗರದಿಂದ ಬನಶಂಕರಿಯವರೆಗೆ, ಮುಟ್ಟು ನಿಂತು ಹತ್ತು ವರ್ಷ ಕಳೆದ ಹೆಂಗಸರ ಔಷಧದ ಡಬ್ಬಿಯಲ್ಲಿ ಎರಡು ವಸ್ತುಗಳು ಸಾಮಾನ್ಯ. ಒಂದು, ದಿನವೂ ನುಂಗುವ ಕ್ಯಾಲ್ಸಿಯಂ ಮಾತ್ರೆ. ಇನ್ನೊಂದು, ವಾರಕ್ಕೊಮ್ಮೆ ಹಾಲಿಗೆ ಬೆರೆಸಿಕೊಳ್ಳುವ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆ. ಮೂಳೆ ಸವೆತ ತಡೆಯಲು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ ಕಾಣುವುದು ಅಪರೂಪ. ಡಾಕ್ಟರು ಬರೆದುಕೊಟ್ಟಿದ್ದರೂ, ‘ಅದು ದವಡೆ ಕೊಳೆಸುತ್ತಂತೆ ಕಣ್ರೀ’ ಎಂಬ ಪಕ್ಕದ ಮನೆಯವರ ಒಂದು ಮಾತಿಗೆ ಸ್ಟ್ರಿಪ್ಪು ಅರ್ಧಕ್ಕೇ ನಿಂತುಹೋಗಿರುತ್ತದೆ. ನಮ್ಮ ಬಡಾವಣೆಗಳ ಮೂಳೆ ವೈದ್ಯದಲ್ಲಿ ಮರ್ಯಾದೆ ಸಲ್ಲುತ್ತಿರುವುದು ಕೆಲಸ ಮಾಡದ ವಸ್ತುಗಳಿಗೆ, ಬೈಗುಳ ಬೀಳುತ್ತಿರುವುದು ಕೆಲಸ ಮಾಡುವ ಔಷಧಕ್ಕೆ. ಈ ಲೇಖನದ ತಕರಾರು ಅಷ್ಟೇ.

ಮರ್ಯಾದೆ ಶುರುವಾಗುವುದು ಉಚಿತ ತಪಾಸಣಾ ಶಿಬಿರದಲ್ಲಿ. ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನ ಬಳಿಯೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಒಂದು ಮೇಜು, ಒಂದು ಬ್ಯಾನರು. ‘ಆಂಟಿ, ಸಾಕ್ಸ್ ತೆಗೆದು ಕಾಲಿಡಿ’ ಎನ್ನುತ್ತಾನೆ ಹುಡುಗ. ಹಿಮ್ಮಡಿಗೆ ಜೆಲ್ ಹಚ್ಚಿ ಯಂತ್ರದೊಳಗಿಟ್ಟರೆ ಚೀಟಿ ಹೊರಬರುತ್ತದೆ: ಹಸಿರು, ಹಳದಿ, ಕೆಂಪು ಪಟ್ಟಿ, ಹಳದಿಯ ನಡುವೆ ಒಂದು ಚುಕ್ಕಿ, ಕೆಳಗೆ ಟಿ ಸ್ಕೋರ್ ಮೈನಸ್ 1.8. ಆಂಟಿ ಅಲ್ಲಿಂದ ಹೊರಡುವಾಗ ರೋಗಿಯಾಗಿರುತ್ತಾರೆ.

ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿದ ಮೂಳೆಯ ಅಳತೆ, ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳು) ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆದದ್ದು ಎಕ್ಸ್‌ರೇ ಆಧಾರದ ಮಾಪನಕ್ಕೆ. ಇವತ್ತು ಅದನ್ನು ಅನ್ವಯಿಸುವುದು ಡೆಕ್ಸಾ ಯಂತ್ರದಲ್ಲಿ ಸೊಂಟ, ಬೆನ್ನುಮೂಳೆಗಳನ್ನು ಅಳೆದಾಗ. ಹಿಮ್ಮಡಿಯ ಅಲ್ಟ್ರಾಸೌಂಡ್ ಅಂಕಿಯನ್ನು ತಂದು ಅದೇ ಗೆರೆಗೆ ಒರೆಹಚ್ಚುವಂತಿಲ್ಲ. ಇನ್ನು ಆ ಗೆರೆಯಾದರೂ ಏನು? ಮುಟ್ಟು ನಿಂತ ಬಿಳಿಯ ಹೆಂಗಸರಲ್ಲಿ ಸುಮಾರು ಶೇ 30 ಮಂದಿ ಅದರ ಕೆಳಗೆ ಬರುತ್ತಾರೆ, ಜೀವಮಾನದಲ್ಲಿ ಮೂಳೆ ಮುರಿದುಕೊಳ್ಳುವವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಎಂಬ ಲೆಕ್ಕದ ಮೇಲೆ ನಿಂತ ಗೆರೆ. ಅದರ ಮೇಲಿನ ಹಳದಿ ವಲಯ, ಅಂದರೆ ಆಸ್ಟಿಯೊಪೀನಿಯ, ರೋಗವೇ ಅಲ್ಲ. ಅದನ್ನು ರೋಗದಂತೆ ಕಾಣಿಸಿದವರ ಕಥೆಯನ್ನು ಬಲ್ಲವರು ಬಲ್ಲರು. ಅಲೆಂಡ್ರೊನೇಟ್ ತಯಾರಿಸಿದ ಮರ್ಕ್ ಕಂಪನಿ 1995ರಲ್ಲಿ ಮೂಳೆ ಅಳತೆಗೆಂದೇ ಒಂದು ಸಂಸ್ಥೆ ಕಟ್ಟಿ, ಅಮೆರಿಕದ ಸಣ್ಣಪುಟ್ಟ ಕ್ಲಿನಿಕ್ಕುಗಳಿಗೂ ಅಗ್ಗದ ಯಂತ್ರ ತಲುಪುವಂತೆ ನೋಡಿಕೊಂಡಿತು. ಇದನ್ನು ಖಂಡಿಸುವವರ ಜೊತೆ ನಾನೂ ಇದ್ದೇನೆ, ಸ್ವಲ್ಪ ದೂರದವರೆಗೆ.

ಆ ದೂರ ಮುಗಿಯುವ ಜಾಗ 1996ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಒಂದು ಪ್ರಬಂಧ, ಫ್ರ್ಯಾಕ್ಚರ್ ಇಂಟರ್ವೆನ್ಷನ್ ಟ್ರಯಲ್‌ನ ಮೊದಲ ಭಾಗ. ಎಲ್ಲರೂ ಉಲ್ಲೇಖಿಸುವ, ಕೆಲವರೇ ಓದುವ ಪ್ರಬಂಧ ಇದು. ಬೆನ್ನುಮೂಳೆ ಆಗಲೇ ಒಮ್ಮೆ ಕುಸಿದಿದ್ದ 2,027 ಹೆಂಗಸರು. ಅರ್ಧ ಜನಕ್ಕೆ ಅಲೆಂಡ್ರೊನೇಟ್, ಅರ್ಧ ಜನಕ್ಕೆ ಹುಸಿಮಾತ್ರೆ. ಸುಮಾರು ಮೂರು ವರ್ಷದಲ್ಲಿ ಸೊಂಟ ಮುರಿದುಕೊಂಡವರು ಹುಸಿಮಾತ್ರೆಯ ಕಡೆ ಶೇ 2.2, ಔಷಧದ ಕಡೆ ಶೇ 1.1. ಕಂಪನಿಯ ಪ್ರತಿನಿಧಿ ಇದನ್ನು ‘ಅರ್ಧಕ್ಕರ್ಧ ಕಡಿಮೆ’ ಎನ್ನುತ್ತಾನೆ. ಔಷಧದ ಟೀಕಾಕಾರ ‘ನೂರಕ್ಕೆ ಒಬ್ಬರು, ಉಳಿದ ತೊಂಬತ್ತೊಂಬತ್ತು ಜನ ದಂಡಕ್ಕೆ ನುಂಗಿದರು’ ಎನ್ನುತ್ತಾನೆ. ಇಬ್ಬರ ಗಣಿತವೂ ಸರಿ, ಇಬ್ಬರ ಓದೂ ಅವಸರದ್ದು.

ಮೊದಲನೆಯದಾಗಿ, ಸೊಂಟವೊಂದೇ ಮೂಳೆಯಲ್ಲ. ಅದೇ ಹೆಂಗಸರಲ್ಲಿ ಎಕ್ಸ್‌ರೇಯಲ್ಲಿ ಕಂಡ ಹೊಸ ಬೆನ್ನುಮೂಳೆ ಕುಸಿತ ಶೇ 15ರಿಂದ 8ಕ್ಕೆ ಇಳಿಯಿತು. ನೋವಿನಿಂದ ಡಾಕ್ಟರ ಹತ್ತಿರ ಓಡಿಸಿದ ಕುಸಿತವನ್ನಷ್ಟೇ ಎಣಿಸಿದರೂ ಶೇ 5ರಿಂದ 2.3ಕ್ಕೆ. ಗೂನು ಬಿದ್ದು, ಪಕ್ಕೆಲುಬು ಸೊಂಟದೆಲುಬಿಗೆ ತಗಲುವಂತಾಗಿ, ಎರಡು ತುತ್ತು ಉಂಡರೆ ಹೊಟ್ಟೆ ಬಿಗಿದು ಕುಳಿತುಕೊಳ್ಳುವ ಅಜ್ಜಿಯನ್ನು ನೋಡಿದವರು ಇದನ್ನು ಚಿಲ್ಲರೆ ಲಾಭ ಎನ್ನಲಾರರು.

ಎರಡನೆಯದು ಇನ್ನೂ ಮುಖ್ಯ. ವಿಧಾನದ ವಿವರಗಳ ನಡುವೆ ಅಡಗಿರುವ ಒಂದು ಸಂಗತಿಯ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಊಟದಲ್ಲಿ ಕ್ಯಾಲ್ಸಿಯಂ 1,000 ಮಿ.ಗ್ರಾಂಗಿಂತ ಕಡಿಮೆ ಇದ್ದ ಎಲ್ಲರಿಗೂ, ಎರಡೂ ಗುಂಪಿನವರಿಗೂ, 500 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 250 ಯೂನಿಟ್ ವಿಟಮಿನ್ ಡಿ ಕೊಡಲಾಗಿತ್ತು. ಶೇ 80ಕ್ಕೂ ಹೆಚ್ಚು ಮಂದಿ ಹೀಗೆ ಪಡೆದವರೇ. ಹಾಗಾದರೆ ಹುಸಿಮಾತ್ರೆಯ ಗುಂಪು ಏನೂ ಇಲ್ಲದ ಗುಂಪಲ್ಲ. ಅದು ಕ್ಯಾಲ್ಸಿಯಂ ಮತ್ತು ಡಿ ನುಂಗುತ್ತಿದ್ದ ಗುಂಪು, ಅಂದರೆ ನಮ್ಮ ಜಯನಗರದ ಡಬ್ಬಿ. 2007ರ ಹೊರೈಜನ್ ಅಧ್ಯಯನದಲ್ಲೂ ಇದೇ ಏರ್ಪಾಡು: ವರ್ಷಕ್ಕೊಮ್ಮೆ ಅಲೆಂಡ್ರೊನೇಟಿನದೇ ಜಾತಿಯ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕಿಸಿಕೊಂಡವರಿಗೂ ಔಷಧವಿಲ್ಲದ ಬರಿಯ ಡ್ರಿಪ್ ಹಾಕಿಸಿಕೊಂಡವರಿಗೂ ಕ್ಯಾಲ್ಸಿಯಂ ಮತ್ತು ಡಿ ಇದ್ದವು. ಮೂರು ವರ್ಷದಲ್ಲಿ ಬೆನ್ನುಮೂಳೆ ಕುಸಿದವರು ಬರಿಯ ಡ್ರಿಪ್ಪಿನವರಲ್ಲಿ ಶೇ 10.9, ಔಷಧದವರಲ್ಲಿ ಶೇ 3.3. ಸೊಂಟ ಮುರಿದವರು ಶೇ 2.5 ಮತ್ತು 1.4. ‘ನಾನು ಕ್ಯಾಲ್ಸಿಯಂ ತಗೋತಿದೀನಲ್ಲ, ಸಾಕು’ ಎನ್ನುವವರು ತಮಗೆ ಗೊತ್ತಿಲ್ಲದೆಯೇ ಈ ಅಧ್ಯಯನಗಳ ಸೋತ ಗುಂಪಿನಲ್ಲಿ ಹೆಸರು ಬರೆಸಿಕೊಂಡಿದ್ದಾರೆ.

ಮೂರನೆಯ ಸಂಗತಿ ಕಂಪನಿಯವರಿಗೆ ಹಿಡಿಸದ್ದು. ಅದೇ ಟ್ರಯಲ್‌ನ ಎರಡನೆಯ ಭಾಗ 1998ರಲ್ಲಿ ಬಂತು. ಬೆನ್ನುಮೂಳೆ ಕುಸಿಯದಿದ್ದ 4,432 ಹೆಂಗಸರು, ನಾಲ್ಕು ವರ್ಷ. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದವರಲ್ಲಿ ಮೂಳೆಮುರಿತ ಶೇ 36ರಷ್ಟು ತಗ್ಗಿತು. ಅದಕ್ಕಿಂತ ಮೇಲಿದ್ದವರಲ್ಲಿ ತಗ್ಗಲೇ ಇಲ್ಲ. ಮಾತ್ರೆ ಅದೇ, ಹೆಂಗಸು ಬೇರೆ, ಫಲ ಬೇರೆ. ಹಿಮ್ಮಡಿ ಚೀಟಿಯ ಹಳದಿ ಬಣ್ಣ ನೋಡಿ ಐವತ್ತೆರಡರ ಆಂಟಿಗೆ ಮಾತ್ರೆ ಬರೆಯುವುದು ತಪ್ಪು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಅರವತ್ತೆಂಟರ ಅಜ್ಜಿಗೆ ಪ್ಲಾಸ್ಟರ್ ಹಾಕಿ ಬರಿಯ ಕ್ಯಾಲ್ಸಿಯಂ ಕೊಟ್ಟು ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮಲ್ಲಿ ಎರಡೂ ನಡೆಯುತ್ತಿವೆ.

ಟೀಕಾಕಾರರ ವಿಷಯಕ್ಕೆ ಬರುತ್ತೇನೆ. ಫಿನ್ಲೆಂಡಿನ ಮೂಳೆತಜ್ಞ ಟೆಪ್ಪೊ ಯಾರ್ವಿನೆನ್ ಮತ್ತು ಸಂಗಡಿಗರು 2015ರಲ್ಲಿ ‘ಬಿಎಂಜೆ’ಯಲ್ಲಿ ಬರೆದ ಪ್ರಬಂಧ ಈ ಪಂಥದ ಧರ್ಮಗ್ರಂಥ. ಒಂದು ಸೊಂಟ ಉಳಿಸಲು ಸುಮಾರು 175 ಹೆಂಗಸರಿಗೆ ಮೂರು ವರ್ಷ ಔಷಧ ಕೊಡಬೇಕು, ಸೊಂಟ ಮುರಿಯುವುದು ಬಿದ್ದಾಗ, ಆದ್ದರಿಂದ ಬೀಳುವುದನ್ನು ತಪ್ಪಿಸಿ ಎನ್ನುತ್ತಾರೆ. ಬೀಳುವುದರ ಬಗ್ಗೆ ಅವರು ಹೇಳಿದ್ದನ್ನು ಕಲ್ಲುಚಪ್ಪಡಿ ಎದ್ದ ಫುಟ್‌ಪಾತಿನಲ್ಲಿ ನಡೆಯುವ ಬಿ.ಟಿ.ಎಂ. ಲೇಔಟಿನ ಯಾರೂ ಅಲ್ಲಗಳೆಯುವುದಿಲ್ಲ. ಆದರೆ 175 ಎಂಬುದು ಸರಾಸರಿ. ಮುರಿದುಕೊಂಡವರನ್ನೂ ಮುರಿಯದವರನ್ನೂ ಒಟ್ಟಿಗೆ ಸೇರಿಸಿದರೆ ಸರಾಸರಿ ತೆಳ್ಳಗಾಗದೆ ಇನ್ನೇನಾದೀತು? ಬೆನ್ನುಮೂಳೆಯನ್ನು ಲೆಕ್ಕದಿಂದ ಕೈಬಿಟ್ಟರಂತೂ ಕೇಳುವುದೇ ಬೇಡ.

ಯಾರ್ವಿನೆನ್ ಪಂಡಿತರು, ಅಂಕಿಯ ಎದುರು ಅಂಕಿ ಇಟ್ಟು ಜಗಳವಾಡಬಹುದು. ನಮ್ಮ ಪುರವಣಿಗಳ ಆರೋಗ್ಯ ಅಂಕಣಕಾರರೊಡನೆ ಅದೂ ಸಾಧ್ಯವಿಲ್ಲ. ರಾಗಿ ತಿನ್ನಿ, ಎಳ್ಳು ತಿನ್ನಿ, ನುಗ್ಗೆಸೊಪ್ಪು ಬಿಡಬೇಡಿ, ‘ಇಂಗ್ಲಿಷ್ ಮಾತ್ರೆ’ಯ ಗೊಡವೆ ಬೇಡ ಎನ್ನುತ್ತಾರೆ. ರಾಗಿಯ ಮೇಲೆ ನನಗೆ ಹಗೆಯಿಲ್ಲ. ನೂರು ಗ್ರಾಂನಲ್ಲಿ 340 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವ ಧಾನ್ಯ ಬೇರೆ ಯಾವುದಿದೆ? ಕೊರತೆ ಇರುವವರು ಅದನ್ನು ತುಂಬಿಕೊಳ್ಳಲೇಬೇಕು. ಡಿ ಕಡಿಮೆ ಇರುವಾಗ ಜೊಲೆಡ್ರೋನಿಕ್ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿಯುವ ಅಪಾಯವೂ ಉಂಟು. ಆದರೆ ತಳಪಾಯವನ್ನೇ ಮನೆ ಎನ್ನಬಾರದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ 36,282 ಹೆಂಗಸರಿಗೆ ಕ್ಯಾಲ್ಸಿಯಂ ಮತ್ತು ಡಿ ಅಥವಾ ಹುಸಿಮಾತ್ರೆ ಕೊಟ್ಟು 2006ರಲ್ಲಿ ಫಲಿತಾಂಶ ಹೇಳಿತು: ಸೊಂಟದ ಮುರಿತದಲ್ಲಿ ಖಚಿತವಾದ ಇಳಿಕೆ ಇಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇ 17 ಜಾಸ್ತಿ. ‘ನಿರಪಾಯ’ ಎಂದು ನಂಬಿದ್ದಕ್ಕೂ ಅಪಾಯದ ಬಾಬತ್ತು ಇದೆ.

ಯೋಗಕ್ಕೂ ಇದೆ. ಬೆನ್ನುಮೂಳೆ ಟೊಳ್ಳಾದವರು ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದರೆ ಕುಸಿತ ಹೆಚ್ಚುತ್ತದೆ ಎಂದು ಮೇಯೊ ಕ್ಲಿನಿಕ್ಕಿನವರು 1984ರಲ್ಲೇ ತೋರಿಸಿದರು. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಮಾಡಿಸುವವರು, ಎಪ್ಪತ್ತರ ಶಿಷ್ಯೆಗೆ ಪಾದಹಸ್ತಾಸನ ಹೇಳಿಕೊಡುವ ಮುನ್ನ ಆಕೆಯ ಎತ್ತರ ಎಷ್ಟು ಇಂಚು ಇಳಿದಿದೆ ಎಂದು ಕೇಳುತ್ತಾರೆಯೇ? ಆರೋಗ್ಯದ ಬರಹ ಹೇಗಿರಬೇಕು ಎಂಬುದಕ್ಕೆ, ಹೆರಿಗೆ, ದಾಂಪತ್ಯದಂಥ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಕನ್ನಡದ ಮನೆಮನೆಗೆ ತಲುಪಿಸಿದ ಡಾ. ಅನುಪಮಾ ನಿರಂಜನ ಅವರ ದಾರಿ ನಮ್ಮೆದುರಿಗಿದೆ. ಅವರು ಓದುಗರನ್ನು ಹೆದರಿಸಲೂ ಇಲ್ಲ, ಪುಸಲಾಯಿಸಲೂ ಇಲ್ಲ. ಅವರ ಪುಸ್ತಕ ಓದಿ ಬೆಳೆದ ತಲೆಮಾರಿನ ಮೂಳೆ ಸವೆಯುವ ಹೊತ್ತಿಗೆ ಸಿಕ್ಕಿದ್ದು ವಾಟ್ಸ್‌ಆ್ಯಪ್ ಫಾರ್ವರ್ಡು.

ದವಡೆ, ತೊಡೆಗಳ ಭಯಕ್ಕೂ ಅಂಕಿಯಲ್ಲೇ ಉತ್ತರ ಹೇಳಬೇಕು. ದವಡೆ ಮೂಳೆ ಸಾಯುವ ತೊಂದರೆ ಹೆಚ್ಚಾಗಿ ಕಂಡದ್ದು ಇದೇ ಜಾತಿಯ ಔಷಧವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಪಡೆವ ಕ್ಯಾನ್ಸರ್ ರೋಗಿಗಳಲ್ಲಿ. ಮೂಳೆ ಟೊಳ್ಳಿಗೆ ಕೊಡುವ ಪ್ರಮಾಣದಲ್ಲಿ ಅದು ಬಲು ವಿರಳ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ತೊಡೆಯ ಮೂಳೆ ನಡುವೆ ಅಡ್ಡಕ್ಕೆ ಮುರಿಯುವ ಅಪಾಯ ನಿಜ, ಮತ್ತು ನಮ್ಮಂಥವರು ಅದನ್ನು ಗಂಭೀರವಾಗಿ ಓದಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ಸುಮಾರು ಎರಡು ಲಕ್ಷ ಹೆಂಗಸರ ದಾಖಲೆ ಆಧರಿಸಿ 2020ರಲ್ಲಿ ಬಂದ ಲೆಕ್ಕ ಇದು: 10,000 ಬಿಳಿಯ ಹೆಂಗಸರು ಮೂರು ವರ್ಷ ಔಷಧ ತೆಗೆದುಕೊಂಡರೆ 149 ಸೊಂಟ ಉಳಿಯುತ್ತವೆ, 2 ತೊಡೆ ಮುರಿಯುತ್ತವೆ. ಏಷ್ಯಾ ಮೂಲದವರಲ್ಲಿ 91 ಉಳಿಯುತ್ತವೆ, 8 ಮುರಿಯುತ್ತವೆ. ಲಾಭ ನಮ್ಮ ಕಡೆ ಕಡಿಮೆ, ಅಪಾಯ ಹೆಚ್ಚು. ಆದರೂ ತಕ್ಕಡಿ ಯಾವ ಕಡೆ ವಾಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಇದರಿಂದ ಕಲಿಯಬೇಕಾದ್ದು ಔಷಧ ಬಿಸಾಡುವುದನ್ನಲ್ಲ, ಅವಧಿ ಹಾಕಿಕೊಳ್ಳುವುದನ್ನು. ಮಾತ್ರೆಯಾದರೆ ಐದು ವರ್ಷ, ಡ್ರಿಪ್ಪಾದರೆ ಮೂರು ವರ್ಷ, ಆಮೇಲೆ ಮರುಪರಿಶೀಲನೆ. ನಡುವೆ ತೊಡೆಯಲ್ಲೋ ತೊಡೆಸಂದಿಯಲ್ಲೋ ನೋವು ಬಂದರೆ ಎಕ್ಸ್‌ರೇ.

ಮಾತ್ರೆ ಸೋಲುವ ನಿಜವಾದ ಜಾಗ ಅಡುಗೆಮನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರಿಯ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು, ಇಲ್ಲವಾದರೆ ಅನ್ನನಾಳ ಸುಟ್ಟಂತಾಗುತ್ತದೆ. ಮೊದಲೇ ನೂರಕ್ಕೆ ಒಂದು ಪಾಲೂ ರಕ್ತ ಸೇರದ ಔಷಧ. ಕಾಫಿಯ ಜೊತೆ ನುಂಗಿದರೆ ಅದರಲ್ಲೂ ಶೇ 60 ಹೋಯಿತು. ಎದ್ದ ಕೂಡಲೇ ಡಿಕಾಕ್ಷನ್ ಇಳಿಸುವ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳದೆ ‘ವೀಕ್ಲಿ ಒನ್ಸ್’ ಎಂದಷ್ಟೇ ಗೀಚಿಕೊಡುವುದು ವೈದ್ಯವಲ್ಲ. ಈ ನೇಮ ಹಿಡಿಯಲಾಗದವರಿಗೆ ವರ್ಷಕ್ಕೊಂದು ಡ್ರಿಪ್ಪು ಮೇಲು. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು ಬರಬಹುದು. ಮೂತ್ರಪಿಂಡ ತೀರಾ ಸೋತವರಿಗೆ ಅದು ಸಲ್ಲದು.

ಉಳಿದ ಔಷಧಗಳ ಬಗ್ಗೆ ಎರಡು ಮಾತು ಸಾಕು. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಬಲಶಾಲಿ, ಆದರೆ ತಪ್ಪಿಸಿದರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಅದನ್ನು ನಿಲ್ಲಿಸುವ ಯೋಜನೆ ಇಲ್ಲದೆ ಶುರು ಮಾಡಬಾರದು. ಹಾರ್ಮೋನು ಚಿಕಿತ್ಸೆ ಅದೇ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ವರದಿ ಎಬ್ಬಿಸಿದ 2002ರ ಗದ್ದಲದಲ್ಲಿ ಅನಗತ್ಯವಾಗಿ ಕೆಟ್ಟ ಹೆಸರು ಪಡೆಯಿತು. ಅರವತ್ತರೊಳಗಿದ್ದು ಮೈಬಿಸಿ, ಬೆವರಿನಿಂದ ಬಳಲುವವರಿಗೆ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ಇತಿಹಾಸ ಇಲ್ಲದಿದ್ದರೆ, ಅದು ಮೂಳೆಗೂ ಒಳ್ಳೆಯದೇ.

ತೀರ್ಪು ಹೀಗೆ. ಹಿಮ್ಮಡಿ ಯಂತ್ರಕ್ಕೆ ನಮ್ಮ ಪಾರ್ಕುಗಳಲ್ಲಿ ಜಾಗ ಬೇಡ. ಕ್ಯಾಲ್ಸಿಯಂ ಮತ್ತು ಡಿ ಪೋಷಣೆ, ಚಿಕಿತ್ಸೆಯಲ್ಲ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ, ಅದೇ ಚಿಕಿತ್ಸೆಯ ಆರಂಭ. ಗ್ಲಾಸ್ಗೋ ನಗರ 1999ರಲ್ಲೇ, ಮೂಳೆ ಮುರಿದು ಬಂದ ಐವತ್ತು ದಾಟಿದವರನ್ನು ಮೂಳೆ ಟೊಳ್ಳಿನ ತಪಾಸಣೆಗೆ ತಲುಪಿಸಲು ನರ್ಸುಗಳನ್ನು ನೇಮಿಸಿತು. ಜಯನಗರದ ಜನರಲ್ ಆಸ್ಪತ್ರೆಗೂ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆಗೂ ನನ್ನ ಕೋರಿಕೆ ಚಿಕ್ಕದು: ಐವತ್ತು ದಾಟಿದ ಹೆಂಗಸಿಗೆ ಪ್ಲಾಸ್ಟರ್ ಹಾಕಿ ಕಳಿಸುವ ಡಿಸ್ಚಾರ್ಜ್ ಚೀಟಿಯಲ್ಲಿ ‘ಡೆಕ್ಸಾ ಮಾಡಿಸಿ, ಔಷಧದ ಬಗ್ಗೆ ತೀರ್ಮಾನಿಸಿ’ ಎಂಬ ಒಂದು ಸಾಲು ಕನ್ನಡದಲ್ಲಿ ಇರಲಿ. ಆ ಸಾಲು ಇಲ್ಲದಿದ್ದರೆ, ಓದುಗರೇ, ನಿಮ್ಮ ಅಮ್ಮನ ಪರವಾಗಿ ನೀವೇ ಕೇಳಿ.